ಕಚೇರಿ, ಖಜಾನೆ, ದಫ್ತರ: ಸಂಗೊಳ್ಳಿ ರಾಯಣ್ಣನ ಬದುಕು ಮತ್ತು ಕಂಪನಿ ಆಡಳಿತದ ರಕ್ಷಣೆಯ ಪ್ರಶ್ನೆ

ಸಂಗೊಳ್ಳಿ ರಾಯಣ್ಣನನ್ನು ಕುರಿತು ಕನ್ನಡದಲ್ಲಿ ಬಂದಿರುವ ಬರವಣಿಗೆ ಬಹುಮಟ್ಟಿಗೆ ಅವನ ಶೌರ್ಯ, ಸ್ವಾಮಿನಿಷ್ಠೆ ಹಾಗೂ ಬಲಿದಾನಗಳ ಸುತ್ತ ಬೆಳೆದಿದೆ. ಲಾವಣಿ, ಗೀಗೀ ಪದ ಮತ್ತು ಬಯಲಾಟಗಳು ಕಟ್ಟಿಕೊಟ್ಟ ಚಿತ್ರವೂ ಇದೇ. ಈ ಚಿತ್ರಕ್ಕೆ ಚಾರಿತ್ರಿಕ ಆಧಾರವಿಲ್ಲವೆಂದು ಹೇಳಲಾಗದು. ಆದರೆ ಅವನು ಸುಟ್ಟಿದ್ದು ಏನನ್ನು, ದೋಚಿದ್ದು ಏನನ್ನು, ದಾಳಿಗೆ ಆರಿಸಿಕೊಂಡ ಊರುಗಳು ಯಾವುವು ಎಂಬ ಪ್ರಶ್ನೆಗಳು ಈ ಚಿತ್ರದಲ್ಲಿ ಹಿಂದಕ್ಕೆ ಸರಿಯುತ್ತವೆ. 1829-30ರ ಬಂಡಾಯದಲ್ಲಿ ಗುರಿಯಾದವು ಬೀಡಿ, ನಂದಗಡ, ಖಾನಾಪುರ, ಸಂಪಗಾಂವದಂತಹ ಊರುಗಳು. ಬೆಳಗಾವಿ ಮತ್ತು ಧಾರವಾಡದ ಕೋಟೆಗಳತ್ತ ರಾಯಣ್ಣ ಹೋಗಲಿಲ್ಲ. ಕಂಪನಿ ಸರಕಾರದ ಬಲ ಕೋಟೆಯಲ್ಲಿದ್ದರೂ ಅದರ ದಿನನಿತ್ಯದ ಬದುಕು ಕಚೇರಿ, ಖಜಾನೆ ಮತ್ತು ದಫ್ತರಗಳಲ್ಲಿತ್ತು ಎಂಬುದನ್ನು ಅವನು ಅರಿತಿದ್ದಂತೆ ತೋರುತ್ತದೆ. ಈ ಅರಿವು ಅವನಿಗೆ ಹೇಗೆ ಬಂತು, ಅದು ಎಷ್ಟರಮಟ್ಟಿಗೆ ಫಲಿಸಿತು, ಕೊನೆಗೆ ಎಲ್ಲಿ ಸೋತಿತು ಎಂಬುದನ್ನು ಅವನ ಜೀವನದ ಘಟನೆಗಳ ಮೂಲಕವೇ ಪರಿಶೀಲಿಸಲು ಸಾಧ್ಯವಿದೆ.

ಕಾವಲಿನ ಮನೆತನ

ರಾಯಣ್ಣ ಹುಟ್ಟಿದ್ದು ಮಲಪ್ರಭಾ ನದಿಯ ದಂಡೆಯ ಸಂಗೊಳ್ಳಿಯಲ್ಲಿ. ಇದು ಇಂದಿನ ಬೆಳಗಾವಿ ಜಿಲ್ಲೆಯ ಬೈಲಹೊಂಗಲ ತಾಲೂಕಿನ ಗ್ರಾಮ. ಅವನ ಜನನ 1798ರ ಆಗಸ್ಟ್ 15ರಂದು ಆಯಿತೆಂಬುದು ರೂಢಿಯಲ್ಲಿರುವ ಎಣಿಕೆ. 1796 ಎಂದು ಹೇಳುವ ಬರಹಗಳೂ ಇವೆ. ತಂದೆ ಭರಮಪ್ಪ, ತಾಯಿ ಕೆಂಚಮ್ಮ. ಕುರುಬ ಸಮುದಾಯದ ಈ ಮನೆತನಕ್ಕೆ ಕಿತ್ತೂರು ಸಂಸ್ಥಾನದೊಂದಿಗೆ ಸೇವೆಯ ಸಂಬಂಧವಿತ್ತು. ಭರಮಪ್ಪನ ಸಾಹಸಕ್ಕೆ ಮೆಚ್ಚಿ ದೇಸಾಯಿ ಮಲ್ಲಸರ್ಜ ರಕ್ತಮಾನ್ಯದ ಹೊಲವನ್ನು ಕೊಟ್ಟನೆಂದು ಸ್ಥಳೀಯ ಸ್ಮೃತಿ ಹೇಳುತ್ತದೆ. ಕಥನದ ವಿವರಗಳು ಹಾಡಿನಿಂದ ಹಾಡಿಗೆ ಬದಲಾದರೂ ಭೂಮಿ ಮತ್ತು ಸೇವೆಗಳ ನಡುವಣ ನಂಟು ಎಲ್ಲ ಕಥನಗಳಲ್ಲಿಯೂ ಉಳಿದುಬಂದಿದೆ.

ರಾಯಣ್ಣ ಶೇತಸನದಿಯಾಗಿದ್ದ. ಶೇತವೆಂದರೆ ಹೊಲ, ಸನದೆಂದರೆ ಆಳುವವರು ನೀಡಿದ ಹಕ್ಕುಪತ್ರ. ನಗದು ಸಂಬಳದ ಬದಲು ಹೊಲವನ್ನು ಪಡೆದು ಅದಕ್ಕೆ ಪ್ರತಿಯಾಗಿ ಊರ ಕಾವಲು ಮತ್ತು ಸಂಸ್ಥಾನದ ಸೇವೆಯನ್ನು ನಿರ್ವಹಿಸುವವನೇ ಶೇತಸನದಿ. ಕಳ್ಳಕಾಕರಿಂದ ಊರನ್ನು ಕಾಯುವುದು, ಕಂದಾಯದ ಕೆಲಸದಲ್ಲಿ ನೆರವಾಗುವುದು, ಕರೆ ಬಂದಾಗ ಆಯುಧ ಹಿಡಿದು ಹೋಗುವುದು ಇಂತಹವರ ಹೊಣೆಯಾಗಿತ್ತು. ಹಳ್ಳಿ, ಮಜರೆಗಳೆರಡನ್ನೂ ಎಣಿಸಿದರೆ 358 ನೆಲೆಗಳಿದ್ದ ಕಿತ್ತೂರು ಸಂಸ್ಥಾನ ದೊಡ್ಡ ಸ್ಥಾಯೀ ಸೈನ್ಯವಿಲ್ಲದೆ ತನ್ನ ಸೀಮೆಯನ್ನು ಕಾಯಲು ಸಾಧ್ಯವಾದದ್ದು ಹೀಗೆ ಊರೂರಲ್ಲಿ ಹರಡಿದ್ದ ಕಾವಲುಗಾರರಿಂದ. ಕಾಯುವವನಿಗೆ ಕಾಯಲು ತನ್ನದೇ ಆದ ನೆಲವಿತ್ತು. ಆಳುವವರ ಹಿತ ಮತ್ತು ಕಾವಲುಗಾರನ ಹಿತ ಒಂದೇ ಹೊಲದ ಬದುವಿನಲ್ಲಿ ಸೇರುತ್ತಿದ್ದವು.

1818ರಲ್ಲಿ ಪೇಶ್ವೆಯ ಆಳ್ವಿಕೆ ಕೊನೆಗೊಂಡಾಗ ಈ ಭಾಗ ಈಸ್ಟ್ ಇಂಡಿಯಾ ಕಂಪನಿಯ ಅಧೀನಕ್ಕೆ ಬಂತು. ಕಂಪನಿಗೆ ನೆರವಾದ ಕಿತ್ತೂರಿನ ದೇಸಾಯಿ ಶಿವಲಿಂಗರುದ್ರಸರ್ಜ ವಾರ್ಷಿಕ ಕಾಣಿಕೆಯ ಕರಾರಿನ ಮೇಲೆ ತನ್ನ ಸಂಸ್ಥಾನವನ್ನು ಉಳಿಸಿಕೊಂಡ. ಹೀಗಾಗಿ ರಾಯಣ್ಣನ ಯೌವನದ ವರ್ಷಗಳಲ್ಲಿ ಕಿತ್ತೂರು ಸೀಮೆಯ ಸುತ್ತಲೂ ಕಂಪನಿಯ ಆಡಳಿತ, ಒಳಗೆ ದೇಸಗತಿಯ ಹಳೆಯ ವ್ಯವಸ್ಥೆ ಎಂಬ ಸ್ಥಿತಿ ಇತ್ತು.

ಮುದ್ರೆ ಬಿದ್ದ ಖಜಾನೆ

1824ರ ಸೆಪ್ಟೆಂಬರ್ 11ರಂದು ಶಿವಲಿಂಗರುದ್ರಸರ್ಜ ಔರಸ ಸಂತಾನವಿಲ್ಲದೆ ತೀರಿಕೊಂಡ. ಮಾಸ್ತಮರಡಿಯ ಗೌಡನ ಮಗ ಶಿವಲಿಂಗಪ್ಪನನ್ನು ದತ್ತಕ ಪಡೆದಿರುವುದಾಗಿ ಸಂಸ್ಥಾನ ತಿಳಿಸಿತು. ಧಾರವಾಡದ ಕಲೆಕ್ಟರ್ ಹಾಗೂ ಪೊಲಿಟಿಕಲ್ ಏಜೆಂಟ್ ಆಗಿದ್ದ ಸೇಂಟ್ ಜಾನ್ ಥ್ಯಾಕರೆ ಈ ದತ್ತಕವನ್ನು ಒಪ್ಪಲಿಲ್ಲ. ಅನಂತರ ಅವನು ಕೈಗೊಂಡ ಮೊದಲ ಕ್ರಮಗಳಲ್ಲಿ ಒಂದು, ಕಿತ್ತೂರಿನ ಖಜಾನೆಗೆ ಮುದ್ರೆ ಹಾಕಿಸಿ ಕಾವಲು ನಿಲ್ಲಿಸಿದ್ದು. ಸಂಸ್ಥಾನದ ಜೀವ ಎಲ್ಲಿದೆಯೆಂಬುದು ಕಂಪನಿಗೆ ಚೆನ್ನಾಗಿ ತಿಳಿದಿತ್ತು. ಅರಮನೆಯ ಸ್ತ್ರೀಯರನ್ನು ಅಲ್ಲಿಯೇ ಇರಗೊಟ್ಟು ಹಣದ ಮೇಲಿನ ಅಧಿಕಾರವನ್ನು ಕಸಿದರೆ ಸಂಸ್ಥಾನ ತಾನಾಗಿ ಕೈಸೇರುತ್ತದೆ ಎಂಬುದು ಇದರ ಹಿಂದಿನ ತರ್ಕ.

ಆ ಕಾವಲು ನಿಲ್ಲಲಿಲ್ಲ. ಅಕ್ಟೋಬರ್ 23ರಂದು ಕೋಟೆಯ ಬಾಗಿಲುಗಳು ಮುಚ್ಚಿದವು. ಅವುಗಳನ್ನು ಬಲವಂತದಿಂದ ತೆರೆಸಲು ಥ್ಯಾಕರೆ ಮುಂದಾದಾಗ ಒಳಗಿನ ಪಡೆ ಹೊರನುಗ್ಗಿತು. ಥ್ಯಾಕರೆ ಹತನಾದ. ಸ್ಟೀವನ್ಸನ್ ಮತ್ತು ಎಲಿಯಟ್ ಎಂಬ ಇಬ್ಬರು ಅಧಿಕಾರಿಗಳು ಸೆರೆಸಿಕ್ಕರು. ರಾಣಿ ಚೆನ್ನಮ್ಮನ ಪಕ್ಷದಲ್ಲಿ ಹೋರಾಡಿದವರಲ್ಲಿ ರಾಯಣ್ಣನೂ ಒಬ್ಬ. ಬಂಡವಾಳದಂತಹ ಒಂದು ಖಜಾನೆಯನ್ನು ಹೊರಗಿನಿಂದ ಬಂದ ಕೆಲವೇ ಕಾವಲುಗಾರರು, ತಮ್ಮನ್ನು ಒಪ್ಪದ ಊರಿನ ನಡುವೆ ಕಾಯಲಾರರು ಎಂಬುದನ್ನು ಆ ದಿನ ಕಣ್ಣಾರೆ ಕಂಡವರಲ್ಲಿ ಈ ಶೇತಸನದಿಯೂ ಇದ್ದನೆಂಬುದು ಮುಂದಿನ ಘಟನೆಗಳ ದೃಷ್ಟಿಯಿಂದ ಮುಖ್ಯ.

ಡಿಸೆಂಬರ್ ಆರಂಭದಲ್ಲಿ ಕಂಪನಿಯ ದೊಡ್ಡ ಸೈನ್ಯ ಕಿತ್ತೂರನ್ನು ಮುತ್ತಿತು. ಸೊಲ್ಲಾಪುರದ ಸಬ್ ಕಲೆಕ್ಟರ್ ಮನ್ರೋ ಈ ಯುದ್ಧದಲ್ಲಿ ಗಾಯಗೊಂಡು ಸತ್ತ. ಡಿಸೆಂಬರ್ 5ರಂದು ಕೋಟೆ ಶರಣಾಯಿತು. ಒಳಗಿನವರೇ ಮದ್ದಿನಲ್ಲಿ ಕಲಬೆರಕೆ ಮಾಡಿದ್ದರಿಂದ ಕಿತ್ತೂರಿನ ತೋಪುಗಳು ಹಾರಲಿಲ್ಲವೆಂದು ಜನಪದ ಪರಂಪರೆ ಹೇಳುತ್ತದೆ. ಇದನ್ನು ದಾಖಲೆಯ ಸತ್ಯವೆಂದು ಸ್ವೀಕರಿಸಬೇಕಾಗಿಲ್ಲ. ಆದರೆ ಕೋಟೆಯ ಪತನಕ್ಕೆ ಗೋಡೆಯ ಬಿರುಕನ್ನು ಕಾರಣವಾಗಿ ಹೇಳದೆ ಮದ್ದಿನಮನೆಯ ವಿಶ್ವಾಸದ ಬಿರುಕನ್ನು ಹೇಳುವ ಈ ಕಥನ ಗಮನಾರ್ಹ. ರಕ್ಷಣೆಯ ದುರ್ಬಲ ಬಿಂದು ಯಾವುದೆಂಬ ಬಗ್ಗೆ ಜನಸಮುದಾಯಕ್ಕಿದ್ದ ತಿಳಿವಳಿಕೆಯನ್ನು ಅದು ಹೇಳುತ್ತದೆ. ಚೆನ್ನಮ್ಮನನ್ನು ಬೈಲಹೊಂಗಲದ ಕೋಟೆಯಲ್ಲಿ ಸೆರೆಯಿಡಲಾಯಿತು. ಸೆರೆಯಾಗಿದ್ದ ರಾಯಣ್ಣ ಮುಂದೆ ಬಿಡುಗಡೆ ಹೊಂದಿ ಸಂಗೊಳ್ಳಿಗೆ ಮರಳಿದ.

ಸನದು ಕಳೆದುಕೊಂಡ ಕಾವಲುಗಾರ

ಕಿತ್ತೂರು ನೇರವಾಗಿ ಕಂಪನಿಯ ಆಡಳಿತಕ್ಕೆ ಸೇರಿದ ಮೇಲೆ ಧಾರವಾಡದ ಕಲೆಕ್ಟರನ ಕೈಕೆಳಗೆ ಹೊಸ ವ್ಯವಸ್ಥೆ ರೂಪುಗೊಂಡಿತು. ಇದರ ಕೀಲಿಕೈ ತಾಲೂಕು ಕಚೇರಿ. ಊರಿನಲ್ಲಿ ಗೌಡ ವಸೂಲಿಗೆ ಹೊಣೆಗಾರ. ಕುಲಕರ್ಣಿ ಲೆಕ್ಕ ಬರೆಯುವವನು. ಊರಿನ ಲೆಕ್ಕ ಮತ್ತು ವಸೂಲಾದ ಹಣ ಕಚೇರಿಗೆ ಬರುತ್ತಿದ್ದವು. ಅಲ್ಲಿ ಹಣ ಖಜಾನೆಗೂ ಲೆಕ್ಕ ದಫ್ತರಕ್ಕೂ ಸೇರಿ, ಮುಂದೆ ಧಾರವಾಡಕ್ಕೆ ಹೋಗುತ್ತಿದ್ದವು. ಯಾರ ಹೊಲ ಎಷ್ಟು, ಯಾರದು ಇನಾಮು, ಯಾರ ಬಾಕಿ ಎಷ್ಟು ಎಂಬ ತಿಳಿವಳಿಕೆ ನೂರಾರು ಊರುಗಳಿಂದ ಹರಿದು ಒಂದೇ ಕಟ್ಟಡದಲ್ಲಿ ಕೂಡುತ್ತಿತ್ತು. ಸಂಪಗಾಂವ ಮತ್ತು ಬೀಡಿಯ ಕಚೇರಿಗಳು ಇಂತಹ ಕೂಡುನೆಲೆಗಳಾಗಿದ್ದವು. ಅವುಗಳನ್ನು ಕಾಯಲು ಇದ್ದವರು ಕೆಲವು ಸಿಪಾಯಿಗಳು ಮಾತ್ರ.

ಹೊಸ ಕಂದಾಯ ನೀತಿಯ ಏಟು ಶೇತಸನದಿಗಳ ಮೇಲೆ ಬಿತ್ತು. ರಾಯಣ್ಣನ ಭೂಮಿಯ ಬಹುಭಾಗ ಜಪ್ತಿಯಾಗಿ, ಉಳಿದುದರ ಮೇಲೆ ಭಾರವಾದ ತೆರಿಗೆ ಬಿತ್ತು. ಬಾಕಿಯ ವಸೂಲಿಗಾಗಿ ಊರಿನ ಕುಲಕರ್ಣಿ ಕೆಂಚಮ್ಮನ ಬೆನ್ನ ಮೇಲೆ ಕಲ್ಲು ಹೊರಿಸಿದನೆಂಬ ಪ್ರಸಂಗ ಜನಪದ ಕಥನಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಕಂದಾಯ ಬಾಕಿದಾರರನ್ನು ಹೀಗೆ ಹಿಂಸಿಸುವ ಪದ್ಧತಿ ಆ ಕಾಲದ ದಕ್ಷಿಣ ಭಾರತದಲ್ಲಿ ಅಪರಿಚಿತವಾಗಿರಲಿಲ್ಲವಾದ್ದರಿಂದ ಈ ಪ್ರಸಂಗವನ್ನು ಕೇವಲ ಕಲ್ಪನೆಯೆಂದು ತಳ್ಳಿಹಾಕುವಂತಿಲ್ಲ. ಇಲ್ಲಿ ಗಮನಿಸಬೇಕಾದ ಅಂಶ ಬೇರೊಂದಿದೆ. ಕಾವಲುಗಾರನ ಹೊಲವನ್ನು ಖರ್ಚಿನ ಬಾಬ್ತೆಂದು ಲೆಕ್ಕಹಾಕಿದ ಆಡಳಿತ, ಆ ಹೊಲವೇ ತನ್ನ ಕಚೇರಿ ಮತ್ತು ಖಜಾನೆಗಳ ಮೊದಲ ರಕ್ಷಣಾವಲಯವೆಂಬುದನ್ನು ಕಾಣಲಿಲ್ಲ. ಸನದು ಹೋದಂದೇ ಕಾವಲೂ ಹೋಯಿತು. ದಾರಿ, ಹಳ್ಳ, ಕಾಡು, ಕಚೇರಿಯ ಪದ್ಧತಿ ಎಲ್ಲವನ್ನೂ ಬಲ್ಲ ಆಯುಧಧಾರಿಗಳ ಒಂದು ವರ್ಗ ಕಂಪನಿಯ ಎದುರು ಪಕ್ಷಕ್ಕೆ ಸರಿಯಿತು.

1829ರ ಫೆಬ್ರುವರಿ 2ರಂದು ರಾಣಿ ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿಯೇ ನಿಧನಳಾದಳು. ಸೆರೆಯಲ್ಲಿದ್ದ ರಾಣಿಯನ್ನು ರಾಯಣ್ಣ ವೇಷ ಮರೆಸಿಕೊಂಡು ಭೇಟಿಯಾಗುತ್ತಿದ್ದನೆಂದು ಲಾವಣಿಕಾರರು ಹಾಡುತ್ತಾರೆ. ಆಕೆಯ ಮರಣದೊಂದಿಗೆ ಅರಮನೆಯಿಂದ ಹೊರಡಬಹುದಾಗಿದ್ದ ಪ್ರತಿರೋಧದ ದಾರಿ ಮುಚ್ಚಿತು. ಹೋರಾಟದ ನೆಲೆ ದೇಸಾಯರ ವಾಡೆಯಿಂದ ಶೇತಸನದಿಗಳ, ರೈತರ, ಕೂಲಿಗಳ ಗುಂಪಿಗೆ ದಾಟಿತು.

ಬೆಂಕಿಗೆ ಬಿದ್ದ ದಫ್ತರ

ಬಂಡಾಯಗಾರರು ಖಾನಾಪುರ ಭಾಗದ ಹಂಡಿಬಡಗನಾಥದ ಕಾಡಿನಲ್ಲಿ ಸೇರುತ್ತಿದ್ದರೆಂದು ಪರಂಪರೆ ಹೇಳುತ್ತದೆ. ಜನಪದ ಸ್ಮೃತಿಯಲ್ಲಿ ರಾಯಣ್ಣನ ಸಂಗಡಿಗರಾಗಿ ಸಿದ್ದಿ ಸಮುದಾಯದ ಗಜವೀರ, ಬಿಚ್ಚುಗತ್ತಿ ಚೆನ್ನಬಸಪ್ಪ ಮೊದಲಾದವರ ಹೆಸರುಗಳು ಉಳಿದಿವೆ. ದತ್ತಕ ಪುತ್ರ ಶಿವಲಿಂಗಪ್ಪನನ್ನು ಕಿತ್ತೂರಿನ ಗಾದಿಗೆ ತರುವುದು ಅವರ ಘೋಷಿತ ಗುರಿ. ಆದರೆ ಅವರು ಗಾದಿಯಿದ್ದ ಕಿತ್ತೂರಿನತ್ತ ನುಗ್ಗದೆ ಕಚೇರಿಗಳತ್ತ ತಿರುಗಿದರು. 1830ರ ಜನವರಿಯ ಮೊದಲ ವಾರದಲ್ಲಿ ಬೀಡಿಯ ಕಚೇರಿಗೆ ಬೆಂಕಿ ಬಿತ್ತು. ನಂದಗಡ, ಖಾನಾಪುರಗಳ ಮೇಲೆ ದಾಳಿ ನಡೆಯಿತು. ಸಂಪಗಾಂವದ ಕಚೇರಿಯೂ ಗುರಿಯಾಯಿತು. ಮುಂಗಾರಿ ಬೆಳೆ ರೈತರ ಕೈಸೇರಿ ಕಂದಾಯದ ಕಂತುಗಳು ಬರತೊಡಗುವ ಕಾಲವದು. ಖಜಾನೆಯಲ್ಲಿ ಹಣವಿರುವ ದಿನಗಳು ಯಾವುವೆಂದು ಕಂದಾಯದ ಕೆಲಸ ಬಲ್ಲ ಶೇತಸನದಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಭೂಗೋಳದ ದೃಷ್ಟಿಯಿಂದ ನೋಡಿದಾಗ ಈ ದಾಳಿಗಳ ಸ್ವರೂಪ ಇನ್ನಷ್ಟು ಸ್ಪಷ್ಟವಾಗುತ್ತದೆ. ಬೀಡಿ, ನಂದಗಡ, ಖಾನಾಪುರಗಳು ಮಲೆನಾಡಿನ ಅಂಚಿನಲ್ಲಿವೆ; ದಾಳಿ ಮಾಡಿದವರು ಕೆಲವೇ ಗಳಿಗೆಯಲ್ಲಿ ಕಾಡು ಸೇರಬಹುದಿತ್ತು. ಸಂಪಗಾಂವದ ಸ್ಥಿತಿ ಬೇರೆ. ಅದರ ಸುತ್ತ ಇರುವುದು ಎರೆಹೊಲಗಳ ಬಯಲು. ಅಲ್ಲಿ ಮರೆಯಾಗಲು ಮರವಿಲ್ಲ. ಬಯಲಿನ ನಡುವಿನ ಕಚೇರಿಯವರೆಗೆ ಗುಂಪೊಂದು ಬಂದು ಹೋಗಬೇಕಾದರೆ ದಾರಿಯ ಊರುಗಳು ಕಂಡೂ ಕಾಣದಂತೆ ಇರಬೇಕು, ಅನ್ನ ಕೊಡಬೇಕು, ಸುದ್ದಿ ಮುಟ್ಟಿಸಬೇಕು. ಸಂಪಗಾಂವದ ಘಟನೆ ಈ ಕಾರಣದಿಂದ ಬಂಡಾಯಕ್ಕೆ ಜನರ ಬೆಂಬಲವಿತ್ತೆಂಬುದಕ್ಕೆ ಬಲವಾದ ಸಾಕ್ಷ್ಯವಾಗಿದೆ. ಜನರ ಮೌನವೇ ಅಲ್ಲಿ ಕಾಡಿನ ಕೆಲಸ ಮಾಡಿತು.

ದಫ್ತರವನ್ನು ಸುಡುವುದರ ಅರ್ಥವನ್ನು ಇಲ್ಲಿ ವಿವೇಚಿಸಬೇಕು. ಹಣವನ್ನು ದೋಚಿದರೆ ಅದು ಆ ವರ್ಷದ ನಷ್ಟ. ಲೆಕ್ಕವನ್ನು ಸುಟ್ಟರೆ ಬರುವ ವರ್ಷಗಳ ವಸೂಲಿಗೂ ತೊಡಕು. ಜಪ್ತಿಯಾದ ಹೊಲ ಜಪ್ತಿಯಾದುದೆಂದು ಹೇಳುವ ಕಾಗದವಿಲ್ಲದಿದ್ದರೆ ಅದು ಮತ್ತೆ ಉಳುವವನ ಹೊಲ. ಅಕ್ಷರದ ಬಲದಿಂದ ಕಳೆದುಹೋದ ಹಕ್ಕನ್ನು ಅಕ್ಷರದ ನಾಶದಿಂದ ಮರಳಿ ಪಡೆಯುವ ಯತ್ನವಿದು. ಉಳ್ಳವರಿಂದ ಹಣ ವಸೂಲು ಮಾಡಿ ದಂಡನ್ನು ಸಾಕಿದ್ದೂ ಇದೇ ನೀತಿಯ ಮುಂದುವರಿಕೆ. ರಾಯಣ್ಣನ ಹೋರಾಟವನ್ನು ಸ್ವಾಮಿನಿಷ್ಠೆಯೆಂದು ಓದುವವರಿಗೂ ರೈತ ಬಂಡಾಯವೆಂದು ಓದುವವರಿಗೂ ಇಲ್ಲಿ ಆಧಾರ ಸಿಗುತ್ತದೆ. ಶಿವಲಿಂಗಪ್ಪನ ಹೆಸರು ಬಂಡಾಯಕ್ಕೆ ನ್ಯಾಯಸಮ್ಮತಿ ನೀಡಿತು. ದಫ್ತರದ ಬೆಂಕಿ ಅದಕ್ಕೆ ಜನರನ್ನು ಒದಗಿಸಿತು. ಇವೆರಡನ್ನೂ ಬೇರ್ಪಡಿಸಿ ಒಂದನ್ನೇ ನಿಜವೆಂದು ಸಾಧಿಸುವುದು ಅವನ ಬದುಕಿಗೆ ನ್ಯಾಯ ಒದಗಿಸುವುದಿಲ್ಲ.

ವ್ಯವಸ್ಥೆ ಉಳಿದ ಬಗೆ

ಕಂಪನಿ ಸರಕಾರ ಆರಂಭದಲ್ಲಿ ಸೈನ್ಯದ ತುಕಡಿಗಳನ್ನು ಕಳುಹಿಸಿತು. ಬಯಲ ಯುದ್ಧಕ್ಕೆ ನಿಲ್ಲದೆ, ಹೊಡೆದು ಮರೆಯಾಗುವ ಗುಂಪಿನ ಎದುರು ಇದರಿಂದ ಹೆಚ್ಚಿನ ಫಲ ಸಿಗಲಿಲ್ಲ. ಪ್ರತಿಯೊಂದು ಕಚೇರಿಗೂ ದಂಡು ನಿಲ್ಲಿಸುವುದು ಅಸಾಧ್ಯ. ಒಂದನ್ನು ಬಲಪಡಿಸಿದರೆ ಇನ್ನೊಂದು ಬರಿದಾಗುತ್ತಿತ್ತು. ಈ ತೊಡಕು ಅರ್ಥವಾದ ಮೇಲೆ ಸರಕಾರ ತನ್ನ ದಾರಿಯನ್ನು ಬದಲಿಸಿತು. ಒಂದೆಡೆ ಶಿವಲಿಂಗಪ್ಪನನ್ನು ಬಂಧಿಸಿ ಬಂಡಾಯದ ಹೆಸರನ್ನೇ ಕಿತ್ತುಕೊಂಡಿತು. ಇನ್ನೊಂದೆಡೆ ಸ್ಥಳೀಯ ಅಧಿಕಾರಿಗಳು ಹಾಗೂ ಗೌಡರಲ್ಲಿ ಕೆಲವರನ್ನು ಒಲಿಸಿಕೊಂಡಿತು.

ಬಂಡಾಯ ಸುಟ್ಟ ದಫ್ತರಗಳು ಕಂದಾಯ ವ್ಯವಸ್ಥೆಯನ್ನು ಅಳಿಸಲಾರದೆ ಹೋದದ್ದಕ್ಕೆ ಅದರ ರಚನೆಯಲ್ಲಿಯೇ ಕಾರಣವಿದೆ. ಲೆಕ್ಕ ಕೂಡುತ್ತಿದ್ದುದು ಕಚೇರಿಯಲ್ಲಾದರೂ ಹುಟ್ಟುತ್ತಿದ್ದುದು ಊರಿನಲ್ಲಿ, ಕುಲಕರ್ಣಿಯ ಮನೆಯ ಕಡತದಲ್ಲಿ ಮತ್ತು ಅವನ ನೆನಪಿನಲ್ಲಿ. ಅದರ ಸಾರಾಂಶ ಧಾರವಾಡದಲ್ಲಿಯೂ ಇರುತ್ತಿತ್ತು. ನಡುವಿನ ಕೂಡುನೆಲೆ ಬೂದಿಯಾದರೂ ಮೇಲಿನಿಂದ ಮತ್ತು ಕೆಳಗಿನಿಂದ ಅದನ್ನು ಮತ್ತೆ ತುಂಬಿಕೊಳ್ಳಬಹುದಾಗಿತ್ತು. ಒಂದೇ ಸ್ಥಳದಲ್ಲಿ ಎಲ್ಲವನ್ನೂ ಇಡದೆ ಹಲವು ಕೈಗಳಲ್ಲಿ ಹರಡಿಟ್ಟ ವ್ಯವಸ್ಥೆ ಏಟು ತಿಂದರೂ ಚೇತರಿಸಿಕೊಳ್ಳುತ್ತದೆ ಎಂಬ ಮಾತು ಇಂದಿನ ಮೂಲಸೌಕರ್ಯ ರಕ್ಷಣೆಯ ಚಿಂತನೆಯಲ್ಲಿ ಸಾಮಾನ್ಯವಾಗಿದೆ. ಕಂಪನಿಗೆ ಈ ಗುಣ ದೊರೆತದ್ದು ತನ್ನ ಜಾಣ್ಮೆಯಿಂದಲ್ಲ, ದೇಸಗತಿಯ ಕಾಲದಿಂದ ಬಂದ ಊರಿನ ಲೆಕ್ಕಪದ್ಧತಿಯಿಂದ. ಅದೇ ಕಾಲದ ಇನ್ನೊಂದು ಬಳುವಳಿಯಾದ ಶೇತಸನದಿಯ ಕಾವಲನ್ನು ಅದು ಕಳೆದುಕೊಂಡಿತು. ಕುಲಕರ್ಣಿಯ ಕಡತವನ್ನು ಉಳಿಸಿಕೊಂಡಿತು. ಮೊದಲನೆಯದರಿಂದ ಬಂಡಾಯ ಹುಟ್ಟಿತು, ಎರಡನೆಯದರಿಂದ ಆಡಳಿತ ಉಳಿಯಿತು.

ಬಂಡಾಯದ ರಚನೆ ಇದಕ್ಕೆ ವಿರುದ್ಧವಾಗಿತ್ತು. ಅದರ ಬಲವೆಲ್ಲ ಒಬ್ಬ ವ್ಯಕ್ತಿಯ ಮೇಲೆ ನಿಂತಿತ್ತು. 1830ರ ಏಪ್ರಿಲ್‌ನಲ್ಲಿ ಡೋರಿ ಬೆಣಚಿ ಹಳ್ಳದಲ್ಲಿ ಸ್ನಾನಕ್ಕಿಳಿದು ಆಯುಧ ಕೈಯಲ್ಲಿಲ್ಲದ ವೇಳೆಯಲ್ಲಿ, ಆಪ್ತರಂತೆ ಒಡನಾಡುತ್ತಿದ್ದವರ ಮೋಸದಿಂದ ರಾಯಣ್ಣ ಸೆರೆಸಿಕ್ಕನೆಂದು ಪರಂಪರೆ ಒಕ್ಕೊರಲಿನಿಂದ ಹೇಳುತ್ತದೆ. ಅವನು ಹಿಡಿಯಲ್ಪಟ್ಟ ಕೂಡಲೇ ಬಂಡಾಯ ಚದುರಿತು. ಥ್ಯಾಕರೆಯ ಖಜಾನೆಗೆ, ಕಿತ್ತೂರಿನ ಮದ್ದಿನಮನೆಗೆ, ಕಂಪನಿಯ ಕಚೇರಿಗಳಿಗೆ ಬಂದ ಆಪತ್ತೇ ಕೊನೆಗೆ ರಾಯಣ್ಣನಿಗೂ ಬಂತು. ನಾಲ್ಕೂ ಸಂದರ್ಭಗಳಲ್ಲಿ ಮುರಿದದ್ದು ಕಾಯುವವರ ಮತ್ತು ಕಾಯಲ್ಪಡುವುದರ ನಡುವಣ ನಂಬಿಕೆ.

ವಿಚಾರಣೆಯ ನಂತರ 1831ರ ಜನವರಿ 26ರಂದು ನಂದಗಡದಲ್ಲಿ ರಾಯಣ್ಣನನ್ನು ಗಲ್ಲಿಗೇರಿಸಲಾಯಿತು. ಸಂಗಡಿಗರಲ್ಲಿ ಕೆಲವರಿಗೆ ಮರಣದಂಡನೆ, ಕೆಲವರಿಗೆ ಗಡೀಪಾರಿನ ಶಿಕ್ಷೆಯಾಯಿತು. ಬಂಡಾಯದ ದಾಳಿಗೆ ಒಳಗಾದ ಊರಿನಲ್ಲಿಯೇ ಶಿಕ್ಷೆಯನ್ನು ಜಾರಿಗೊಳಿಸಿದ್ದರ ಹಿಂದೆ ಜನರಿಗೆ ಎಚ್ಚರಿಕೆ ಕೊಡುವ ಉದ್ದೇಶವಿತ್ತೆಂದು ಭಾವಿಸಲು ಅವಕಾಶವಿದೆ. ಆಗ ಅವನಿಗೆ ಮೂವತ್ತೆರಡರ ಆಸುಪಾಸಿನ ವಯಸ್ಸು.

ಮರಣಾನಂತರ

1836ರಲ್ಲಿ ಬೆಳಗಾವಿಯನ್ನು ಧಾರವಾಡದಿಂದ ಬೇರ್ಪಡಿಸಿ ಪ್ರತ್ಯೇಕ ಜಿಲ್ಲೆಯನ್ನಾಗಿ ಮಾಡಲಾಯಿತು. ಕಲೆಕ್ಟರ್ ಜನರಿಗೆ ಹತ್ತಿರವಾದ. ಜನರ ಹಕ್ಕಿನ ಪ್ರಶ್ನೆ ಮಾತ್ರ ಹಾಗೆಯೇ ಉಳಿಯಿತು. 1852ರ ಹನ್ನೊಂದನೆಯ ಕಾಯಿದೆಯ ಮೂಲಕ ಇನಾಂ ಕಮಿಷನ್ ಸನದುಗಳ ಪರಿಶೀಲನೆಗೆ ಕಾನೂನಿನ ಬಲ ಪಡೆಯಿತು. 1857ರ ನಿಶ್ಶಸ್ತ್ರೀಕರಣದ ಕಾಯಿದೆ ಆಯುಧವನ್ನೂ ಕೇಳಿತು. ಅದೇ ವರ್ಷ ಹಲಗಲಿಯ ಬೇಡರು ಎದ್ದರು. 1858ರಲ್ಲಿ ಮುಂಡರಗಿಯ ಭೀಮರಾಯ ಡಂಬಳದ ಖಜಾನೆಗೆ ಕೈಹಾಕಿದ. ನರಗುಂದದ ಬಾಬಾಸಾಹೇಬನ ಬಂಡಾಯದಲ್ಲಿ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ ರಾಮದುರ್ಗ ಸಮೀಪದ ಸುರೇಬಾನದಲ್ಲಿ ಹತನಾದ. ಈ ಘಟನೆಗಳಿಗೆ ಬೇರೆ ಬೇರೆ ಕಾರಣಗಳಿದ್ದರೂ ಕಾವಲು ಮತ್ತು ಹಕ್ಕುಗಳ ನಡುವಣ ಸಂಬಂಧವನ್ನು ಅರಿಯದ ಆಡಳಿತದ ದೃಷ್ಟಿ ಎಲ್ಲದರ ಹಿಂದೆ ಇದೆ. ರಾಯಣ್ಣನ ಬಂಡಾಯದಿಂದ ಕಲಿಯಬಹುದಾಗಿದ್ದ ಪಾಠವನ್ನು ಕಂಪನಿ ಕಲಿಯಲಿಲ್ಲ.

ನಂದಗಡದ ರಾಯಣ್ಣನ ಸಮಾಧಿ ಮತ್ತು ಅಲ್ಲಿನ ಆಲದ ಮರಕ್ಕೆ ಜನ ಇಂದಿಗೂ ಹರಕೆ ಹೊರುತ್ತಾರೆ; ಮಕ್ಕಳಾಗಲೆಂದು ತೊಟ್ಟಿಲು ಕಟ್ಟುತ್ತಾರೆ. 2010ರ ದಶಕದ ಮಧ್ಯಭಾಗದಲ್ಲಿ ಬೆಂಗಳೂರಿನ ಮುಖ್ಯ ರೈಲು ನಿಲ್ದಾಣಕ್ಕೆ ಅವನ ಹೆಸರನ್ನಿಡಲಾಯಿತು. ಕಚೇರಿಗಳನ್ನು ಸುಟ್ಟವನ ಹೆಸರು, ನಾಡಿನ ಸಂಚಾರವೆಲ್ಲ ಕೂಡುವ ಕಟ್ಟಡವೊಂದರ ಮೇಲಿದೆ. ಪರಕೀಯ ಆಡಳಿತದ ಆಸ್ತಿ ಮತ್ತು ಜನರ ಆಸ್ತಿ ಎಂಬ ಭೇದ ಈ ಹೆಸರಿಡುವಿಕೆಯಲ್ಲಿ ಅಡಗಿದೆ. ಜನ ತಮ್ಮದೆಂದು ಬಗೆದುದನ್ನು ಕಾಯುತ್ತಾರೆ. ತಮ್ಮನ್ನು ಬರಿದು ಮಾಡುವುದನ್ನು ಕಾಯಲಾರರು.

ರಾಯಣ್ಣನ ಬದುಕಿಗೆ ಸಂಬಂಧಿಸಿದ ಆಕರಗಳ ಸ್ಥಿತಿಯೂ ಇದೇ ಮಾತನ್ನು ಹೇಳುತ್ತದೆ. ಬಂಡಾಯದ ಕಾಲಾನುಕ್ರಮಕ್ಕೆ ಇತಿಹಾಸಕಾರರು ಕಂಪನಿಯ ಕಾಗದಗಳತ್ತಲೇ ಹೋಗಬೇಕಾಗಿದೆ. ಆದರೆ ಆ ಕಾಗದಗಳಲ್ಲಿ ಅವನು ಬಂಡುಕೋರ, ದರೋಡೆಕಾರ. ಅವನ ತಾಯಿಯ ಬೆನ್ನ ಮೇಲಿನ ಕಲ್ಲು, ರಕ್ತಮಾನ್ಯದ ಹೊಲ, ಸಂಗಡಿಗರ ಹೆಸರು ಉಳಿದಿರುವುದು ಲಾವಣಿಯಲ್ಲಿ. ಈ ದಫ್ತರಕ್ಕೆ ಕಚೇರಿಯಿಲ್ಲ, ಕಾವಲುಗಾರನಿಲ್ಲ. ಕುಲಕರ್ಣಿಯ ಕಡತದಂತೆ ಅದೂ ಊರೂರಲ್ಲಿ, ಹಲವು ಬಾಯಿಗಳಲ್ಲಿ ಹರಡಿಕೊಂಡಿದೆ. ಹಾಡುವ ಮೇಳಗಳು ವಿರಳವಾಗುತ್ತಿರುವ ದಿನಗಳಲ್ಲಿ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಭಾಗದ ಈ ಮೌಖಿಕ ದಾಖಲೆಗಳನ್ನು ಪಾಠಾಂತರಗಳ ಸಹಿತ ಸಂಗ್ರಹಿಸಿ, ಸರಕಾರಿ ಕಾಗದಗಳ ಪಕ್ಕದಲ್ಲಿಟ್ಟು ಓದುವ ಕೆಲಸ ಕನ್ನಡ ಸಂಶೋಧನೆಯ ಹೊಣೆಯಾಗಿದೆ. ಹರಡಿಕೊಂಡಿರುವುದು ಸುಲಭವಾಗಿ ಸುಡುವುದಿಲ್ಲ ಎಂಬುದು ನಿಜ. ಹಾಡುವವರಿಲ್ಲದಾಗ ಅದೂ ಸದ್ದಿಲ್ಲದೆ ಅಳಿಯುತ್ತದೆ.